ನಾಲ್ಕನೆಯ ಮಂಚದ ಹುಡುಗಿ ಹೇಳಿದ್ದಳು

ಆಗ ನನಗೆ ಐವತ್ತೊಂಬತ್ತು. ಆಸ್ಪತ್ರೆಯ ಕಾಗದದಲ್ಲಿ ಐವತ್ತೇಳು. ಶಾಲೆಗೆ ಸೇರಿಸುವಾಗ ಅಪ್ಪ ಬಾಯಿಗೆ ಬಂದ ವರ್ಷ ಹೇಳಿದ್ದ. ಇದು ನಡೆದು ಈ ಚೌತಿಗೆ ಆರು ವರ್ಷ. ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ಊರುಗಳ ಹೆದ್ದಾರಿಯ ಮೇಲೆ ಎಲ್ಲೋ ಒಂದು ಆಸ್ಪತ್ರೆ. ಯಾವುದು ಎಂದು ಹೇಳುವುದಿಲ್ಲ. ಹೇಳಿದರೆ ಜನ ಆಸ್ಪತ್ರೆಯನ್ನು ಬೈಯುತ್ತಾರೆ. ಬೈಯಬೇಕಾದ್ದು ನನ್ನನ್ನು.

ನಾನು ಹೆರಿಗೆ ಕೋಣೆಯ ಆಯಾ. ಬಂದ ಹೆಂಗಸಿನ ಬಳೆ ತೆಗೆಸಬೇಕು, ಕೂದಲು ಎರಡು ಜಡೆ ಹಾಕಬೇಕು, ಹಸಿರು ಗೌನು ತೊಡಿಸಬೇಕು, ಮಂಚಕ್ಕೆ ರಬ್ಬರ್ ಶೀಟು ಹಾಸಬೇಕು. ಮಗುವನ್ನು ಬೆಚ್ಚಗೆ ಇಡುವ ಯಂತ್ರವನ್ನು ಹೆರಿಗೆಗೆ ಮೊದಲೇ ಹಚ್ಚಿಡಬೇಕು. ಹೆರಿಗೆಯಾದ ಮೇಲೆ ರಕ್ತ ತೊಳೆಯಬೇಕು. ಇದರ ನಡುವೆ ಬಾಗಿಲು ಕಾಯಬೇಕು. ಬಾಗಿಲ ಒಳಗೆ ನನ್ನದೊಂದು ಮರದ ಸ್ಟೂಲು ಇತ್ತು. ಅದರ ಮೇಲೆ ಕೂತರೆ ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ಬಸುರಿಯ ಅಮ್ಮನಾಗಲಿ ಅತ್ತೆಯಾಗಲಿ ಆ ಅರ್ಧದಿಂದ ತಲೆ ತೂರಿಸಬಹುದು, ಕಾಲು ಇಡುವಂತಿಲ್ಲ.

ಒಳಗೆ ನಾಲ್ಕು ಮಂಚ. ಮೊದಲನೆಯದು ಸಿಸ್ಟರ್ ಕೂರುವ ಮೇಜಿನ ಪಕ್ಕ, ಫ್ಯಾನಿನ ಕೆಳಗೆ. ನಾಲ್ಕನೆಯದು ಪಾಯಖಾನೆಯ ಗೋಡೆಗೆ, ಒಂದು ಹಸಿರು ಪರದೆಯ ಹಿಂದೆ. ಯಾರಿಗೆ ಯಾವ ಮಂಚ ಎಂಬುದನ್ನು ನಾನೇ ನಿಶ್ಚಯ ಮಾಡುತ್ತಿದ್ದೆ. ಯಾರೂ ಕೊಟ್ಟ ಅಧಿಕಾರವಲ್ಲ, ತಾನಾಗಿ ಬಂದದ್ದು. ಮಾಸ್ತರರ ಹೆಂಡತಿ, ಬ್ಯಾಂಕಿನವರ ಮಗಳು ಒಂದಕ್ಕೆ. ಕೂಲಿಯವರು, ಮೀನಿನವರು ನಾಲ್ಕಕ್ಕೆ. ಎಲ್ಲಿಯೂ ಬರೆದಿಟ್ಟ ನಿಯಮವಲ್ಲ ಇದು. ಹದಿನೇಳು ವರ್ಷ ಹಾಗೇ ನಡೆಯಿತು.

ನಾನೂ ಮೀನಿನವಳೇ. ಹುಟ್ಟಿದ್ದು ತೆಂಗಿನಗುಂಡಿಯಲ್ಲಿ. ಮನೆಯ ಮಾತು ಕೊಂಕಣಿ. ಇಪ್ಪತ್ತು ವರ್ಷ ಭಟ್ಕಳದ ಪೇಟೆಗೆ ಬಂಗಡೆ, ತಾರ್ಲೆ ಹೊತ್ತಿದ್ದೇನೆ. ಗಂಡ ಸತ್ತ ಮೇಲೆ ಆಸ್ಪತ್ರೆಗೆ ಸೇರಿದೆ. ಸೇರಿದ ಮೊದಲ ವಾರ ಆಗಿನ ಒಬ್ಬ ಸಿಸ್ಟರ್ ಮೂಗು ಮುಚ್ಚಿಕೊಂಡು, "ಎಂತ ಆಯಮ್ಮ, ಸೋಪು ಹಾಕೂದಿಲ್ವಾ ನೀನು?" ಎಂದಿದ್ದರು. ಅಂದಿನಿಂದ ಕೈ ಬಿರಿಯುವವರೆಗೆ ಫಿನಾಯಿಲಿನಲ್ಲಿ ತೊಳೆದೆ. ಆಸ್ಪತ್ರೆಯ ಗೇಟು ದಾಟಿದ ಮೇಲೆ ಕೊಂಕಣಿ ಆಡುವುದನ್ನೂ ಬಿಟ್ಟೆ. ಯಾರಾದರೂ ಮಾತಾಡಿಸಿದರೆ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದೆ.

ಆ ದಿನ ಬೆಳಿಗ್ಗೆ ಒಂಬತ್ತಕ್ಕೆ ಮಾವಿನಕುರ್ವೆಯಿಂದ ಒಬ್ಬ ಹುಡುಗಿಯನ್ನು ಕರೆತಂದರು. ಚೊಚ್ಚಲು. ಇಪ್ಪತ್ತೆರಡು ವಯಸ್ಸು. ತವರು ಗೋವಾ ಗಡಿಯ ಕಡೆ, ಕನ್ನಡ ಅರ್ಧಂಬರ್ಧ. ಗಂಡ ಬೋಟಿನ ಮೇಲೆ ಹೋಗಿ ಮೂರು ದಿನವಾಗಿತ್ತು, ಫೋನು ಸಿಗುತ್ತಿರಲಿಲ್ಲ. ಜೊತೆಯಲ್ಲಿ ಅತ್ತೆ. ಸೊಸೆಗೆ ನೋವು ಬಂದ ಸುದ್ದಿ ಕೇಳಿ ಮೀನು ಮಾರುವಲ್ಲಿಂದಲೇ ಎದ್ದು ಬಂದಿದ್ದಳು. ಸೊಂಟಕ್ಕೆ ಸಿಕ್ಕಿಸಿದ ಸೀರೆಯ ಮೇಲೆ ಮೀನಿನ ಪೊರೆ ಇನ್ನೂ ಮಿನುಗುತ್ತಿತ್ತು.

ಅವಳನ್ನು ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು. ಭಟ್ಕಳದ ಪೇಟೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು. ಮಗ ಹೊನ್ನಾವರದ ಬೋಟಿಗೆ ಸೇರಿದ ಮೇಲೆ ಇತ್ತ ಬಂದಿದ್ದಳಂತೆ. ನಾನು ಗುರುತು ಸಿಗದವಳ ಹಾಗೆ ಚೀಟಿ ನೋಡಿದೆ. ಅವಳು ಬಿಡಲಿಲ್ಲ. ಸಿಸ್ಟರಿಗೂ ಕೇಳಲಿ ಎಂದೋ ಏನೋ ಕನ್ನಡದಲ್ಲೇ ಶುರು ಮಾಡಿದಳು.

"ಏ, ತೆಂಗಿನಗುಂಡಿಯವಳಲ್ವನೇ ನೀನು? ಬಂಗಡೆ ಬುಟ್ಟಿ ಹೊತ್ತ ತಲೆ ಈಗ ಬಿಳಿ ಟೊಪ್ಪಿ ಹಾಕ್ಕಂಡದೆ ನೋಡು! ಎಂತ, ಗುರ್ತೇ ಇಲ್ವ?"

ಸಿಸ್ಟರ್ ಗದಗಿನ ಕಡೆಯವರು, ಚಿಕ್ಕ ಪ್ರಾಯ. ಅವರು ನಕ್ಕರು. ತಮಾಷೆಗೆ ನಕ್ಕದ್ದು, ಕೆಟ್ಟ ಮನಸ್ಸಿನಿಂದಲ್ಲ. ನನಗೆ ಮೈಯೆಲ್ಲ ಉರಿಯಿತು.

"ನೀವು ಹೊರಗೆ ನಿಲ್ಲಿ. ಇದು ಮೀನು ಪೇಟೆಯಲ್ಲ," ಎಂದೆ. ಬಾಗಿಲು ಹಾಕಿದೆ.

ಒಂದನೆಯ ಮಂಚದಲ್ಲಿ ಬ್ಯಾಂಕಿನವರ ಸೊಸೆ ಇದ್ದಳು. ಎರಡು, ಮೂರು ಖಾಲಿ. ಹುಡುಗಿಯನ್ನು ನಾಲ್ಕಕ್ಕೆ ಹಾಕಿದೆ. ಗೌನು ತೊಡಿಸುವಾಗ ಅವಳು ಜೋರಾಗಿ ಒಮ್ಮೆ ಕೂಗಿದಳು. "ಬಾಯ್ಮುಚ್ಚು ತಂಗಿ. ಇಲ್ಲಿ ಕೂಗೂದಲ್ಲ. ಎಲ್ರೂ ಹಡೀತಾರೆ," ಎಂದೆ. ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತು ಅದು. ಬೇರೆಯವರು ಕೇಳುತ್ತಿರಲಿಲ್ಲ, ಕೂಗುತ್ತಲೇ ಇರುತ್ತಿದ್ದರು. ಈ ಹುಡುಗಿ ಕೇಳಿದಳು. ಸೆರಗಿನ ಬದಲಿಗೆ ಗೌನಿನ ತೋಳನ್ನು ಕಚ್ಚಿಕೊಂಡು ಮಲಗಿದಳು.

ಸಿಸ್ಟರ್ ಕೈಗವಸು ಹಾಕಿ ನೋಡಿದರು. ಗರ್ಭದ ಬಾಯಿ ಐದು ಸೆಂಟಿಮೀಟರ್ ತೆರೆದಿತ್ತು. ಹೊಟ್ಟೆಯ ಮೇಲೆ ಯಂತ್ರ ಇಟ್ಟು ಮಗುವಿನ ಎದೆಬಡಿತ ಕೇಳಿದರು, ಸರಿ ಇತ್ತು. ಹೋಗುವಾಗ ನನ್ನನ್ನು ಕರೆದು ಹೇಳಿದರು:

"ಆಯಮ್ಮ, ಕೂಸಿನ ತಲಿ ಇನ್ನಾ ಮ್ಯಾಲೇ ಐತಿ. ಆಕೀನ್ನ ಎಬ್ಬಸಬ್ಯಾಡ್ರಿ. ನೀರು ಒಡದ್ರ ಮಾತ್ರ ಕೂಡ್ಲೇ ನನಗ ಹೇಳ್ರಿ."

ಯಾಕೆ ಹೇಳಿದರು ಎಂದು ನನಗೆ ಗೊತ್ತಿತ್ತು. ತಲೆ ಕೆಳಗೆ ಇಳಿದು ಕೂತಿಲ್ಲದಾಗ ನೀರು ಒಡೆದರೆ ಆ ನೀರಿನ ರಭಸಕ್ಕೆ ಹೊಕ್ಕುಳ ಬಳ್ಳಿ ಮೊದಲು ಜಾರಿ ಬಂದುಬಿಡಬಹುದು. ಹಿಂದಿನಿಂದ ತಲೆ ಬಂದು ಅದನ್ನು ಒತ್ತಿದರೆ ಮಗುವಿಗೆ ಉಸಿರಿಲ್ಲ. ಹದಿನೇಳು ವರ್ಷದಲ್ಲಿ ಎರಡು ಸಲ ನೋಡಿದ್ದೆ. ಓದಿಲ್ಲದಿದ್ದರೂ ಕಂಡದ್ದು ಮರೆಯುವುದಿಲ್ಲ.

ಹನ್ನೊಂದೂಕಾಲರ ಸುಮಾರಿಗೆ ಒಂದನೆಯ ಮಂಚದ ಹೆಂಗಸಿನ ಮಗುವಿನ ತಲೆ ಕಾಣತೊಡಗಿತು. ಸಿಸ್ಟರ್ ಅಲ್ಲಿ. ನಾನು ಅವಳ ಕಾಲು ಹಿಡಿದು ನಿಂತಿದ್ದೆ. ಆಗ ಪರದೆಯ ಹಿಂದಿನಿಂದ ಮೆಲ್ಲಗೆ ಮಾತು ಬಂತು. ಕೊಂಕಣಿ. ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ.

"ಮಾವ್ಶಿ, ನೀರು ಹೋಯಿತು. ಒದ್ದೆ ಹಗ್ಗದ ಹಾಗಿನ ಏನೋ ತೊಡೆಗೆ ತಾಗುತ್ತಿದೆ."

ಮಾವ್ಶಿ ಎಂದರೆ ಚಿಕ್ಕಮ್ಮ. ಅತ್ತೆ ಬಾಗಿಲಲ್ಲಿ ಆಡಿದ್ದನ್ನು ಕೇಳಿ, ನಾನು ಅವರವಳೇ ಎಂದು ಹುಡುಗಿ ಧೈರ್ಯ ತಂದುಕೊಂಡಿರಬೇಕು. ಆ ಮಾತು ನನಗೆ ಪೂರಾ ಕೇಳಿತು. ಪೂರಾ ಅರ್ಥವಾಯಿತು. ಆದರೆ ಬ್ಯಾಂಕಿನವರ ಸೊಸೆಯ ಮುಂದೆ, ಸಿಸ್ಟರ್ ಮುಂದೆ ಮಾವ್ಶಿ ಎನ್ನಿಸಿಕೊಂಡದ್ದೇ ನನ್ನ ತಲೆಯಲ್ಲಿ ಕೂತಿತು, ಅದರ ಮುಂದಿನ ಮಾತು ಮನಸ್ಸಿಗೆ ನಾಟಲಿಲ್ಲ.

"ಕನ್ನಡದಲ್ಲಿ ಮಾತಾಡು. ನಾನು ನಿನ್ನ ಮಾವ್ಶಿ ಅಲ್ಲ. ತಡ್ಕ," ಎಂದೆ.

ಸಿಸ್ಟರ್ ತಲೆ ಎತ್ತದೆಯೇ ಕೇಳಿದರು, "ಏನನ್ನಾಕತ್ತಾಳ ಆಕಿ?"

"ಎಂತ ಇಲ್ಲ ಸಿಸ್ಟರ್. ಹೆದರ್ಕಂಡದೆ ಅಷ್ಟೆ."

ಹುಡುಗಿ ಇನ್ನೊಮ್ಮೆ ಕನ್ನಡದಲ್ಲಿ ಪ್ರಯತ್ನ ಮಾಡಿದಳು. "ಅದು… ಬಂತು… ಹೊರಗೆ," ಎಂದಳು. ಆಮೇಲೆ ಸುಮ್ಮನಾದಳು.

ಒಂದನೆಯ ಮಂಚದಲ್ಲಿ ಗಂಡು ಮಗು ಹುಟ್ಟಿತು. ಹುಟ್ಟುತ್ತಲೇ ಅತ್ತಿತು. ಒರೆಸಿದೆ, ಸುತ್ತಿದೆ, ತೂಕಕ್ಕೆ ಇಟ್ಟೆ, ಬಾಗಿಲ ಹೊರಗೆ ಸುದ್ದಿ ಹೇಳಿದೆ. ಅಷ್ಟೊತ್ತಿಗೆ ಇಪ್ಪತ್ತು ನಿಮಿಷ. ಸಿಸ್ಟರ್ ಕೈ ತೊಳೆದು ಪರದೆ ಸರಿಸಿದರು. ಅವರ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಬಳ್ಳಿ ಹೊರಗೆ ಬಂದಿತ್ತು. ಹುಡುಗಿ ಗೌನಿನ ತೋಳು ಕಚ್ಚಿಕೊಂಡು ಮೇಲಿನ ತೊಲೆ ನೋಡುತ್ತಿದ್ದಳು.

ಆ ಸಿಸ್ಟರ್ ಮಾಡಿದ್ದನ್ನು ಹೇಳಲೇಬೇಕು. ಕೂಡಲೇ ಗವಸು ಹಾಕಿ ಕೈಯನ್ನು ಒಳಗಿಟ್ಟು ಮಗುವಿನ ತಲೆಯನ್ನು ಮೇಲಕ್ಕೆ ಒತ್ತಿ ಹಿಡಿದರು, ಬಳ್ಳಿಯ ಮೇಲೆ ಭಾರ ಬೀಳದ ಹಾಗೆ. "ಕಾಲ ಕಡೆ ಎತ್ತ್ರಿ ಆಯಮ್ಮ!" ಎಂದರು. ಹುಡುಗಿಯ ಕಾಲ ಕಡೆ ಮಂಚದ ಕೆಳಗೆ ಕಟ್ಟಿಗೆಯ ತುಂಡು ಕೊಟ್ಟು ಎತ್ತರಿಸಿದೆ. ಡಾಕ್ಟರಮ್ಮ ಓಡಿ ಬಂದರು. ತಳ್ಳುಗಾಡಿಗೆ ಹಾಕುವಾಗಲೂ ಸಿಸ್ಟರ್ ಕೈ ತೆಗೆಯಲಿಲ್ಲ. ಅವರೂ ಗಾಡಿಯ ಮೇಲೆ ಮಂಡಿಯೂರಿ ಕೂತರು. ಇಬ್ಬರನ್ನೂ ಸೇರಿಸಿ ಆಪರೇಷನ್ ಕೋಣೆಗೆ ತಳ್ಳಿದೆ. ಬಾಗಿಲ ಹೊರಗೆ ಅತ್ತೆ, "ಎಂತ ಆತು? ಎಂತ ಆತು ಹೇಳೇ!" ಎಂದು ಗಾಡಿಯ ಜೊತೆ ಓಡಿದಳು. ನಾನು ಅವಳ ಮುಖ ನೋಡಲಿಲ್ಲ.

ಅರಿವಳಿಕೆ ಕೊಡುವ ಡಾಕ್ಟರು ಅಂದು ಬೇರೆ ಊರಿನಲ್ಲಿದ್ದರು. ಒಬ್ಬರೇ ಡಾಕ್ಟರು ಎರಡು ಮೂರು ಕಡೆ ನೋಡಬೇಕು. ಹೆದ್ದಾರಿಯಲ್ಲಿ ಕಾರು ಓಡಿಸಿಕೊಂಡು ಬರುವವರೆಗೆ ಮೂವತ್ತೈದು ನಿಮಿಷ. ಅಷ್ಟೂ ಹೊತ್ತು ಸಿಸ್ಟರ್ ಕೈ ಒಳಗೇ ಇತ್ತು. ತುಟಿ ಬಿಳಿಚಿ, ಹಣೆಯ ಬೆವರು ಕಣ್ಣಿಗೆ ಇಳಿಯುತ್ತಿತ್ತು, ನಾನು ಒರೆಸುತ್ತಿದ್ದೆ. ಹೊಟ್ಟೆಯ ಮೇಲಿನ ಯಂತ್ರದಲ್ಲಿ ಮಗುವಿನ ಎದೆಬಡಿತ ಕೇಳುತ್ತಿತ್ತು. ಮೊದಲು ಕುದುರೆ ಓಡಿದ ಹಾಗೆ. ಆಮೇಲೆ ನಡೆದ ಹಾಗೆ. ಆಮೇಲೆ ಒಂದು ಬಡಿತ, ತಡೆದು ಇನ್ನೊಂದು.

ಹೊಟ್ಟೆ ಕೊಯ್ದು ತೆಗೆದರು. ಹೆಣ್ಣು. ಮಕ್ಕಳ ಡಾಕ್ಟರು ಬಾಯಿಗೆ ಚೀಲ ಹಿಡಿದು ಗಾಳಿ ಒತ್ತಿದರು, ಎರಡು ಬೆರಳಿನಲ್ಲಿ ಎದೆ ಒತ್ತಿದರು. ಇಪ್ಪತ್ತು ನಿಮಿಷ ಬಿಡಲಿಲ್ಲ. ಆಮೇಲೆ ಗಡಿಯಾರ ನೋಡಿ ಹೊತ್ತು ಹೇಳಿದರು.

ಮಗುವನ್ನು ನನ್ನ ಕೈಗೆ ಕೊಟ್ಟರು. ಬಿಸಿನೀರಿನಲ್ಲಿ ಒರೆಸಿದೆ. ಬಿಳಿ ಬಟ್ಟೆ ಸುತ್ತಿದೆ. ತಾಯಿಗೆ ಎಚ್ಚರವಿರಲಿಲ್ಲ. ಸತ್ತ ಮಗುವನ್ನು ತಾಯಿಗೆ ತೋರಿಸಬಾರದು, ನೋಡಿದರೆ ಮರೆಯುವುದಿಲ್ಲ ಎಂಬುದು ನಮ್ಮಲ್ಲಿ ರೂಢಿ. ಗಂಡನ ತಮ್ಮ ಬಂದು ಒಯ್ದ. ಸಂಜೆಯೊಳಗೆ ಹೊಳೆಯ ಬದಿಯ ಮರಳಿನಲ್ಲಿ ಇಟ್ಟು ಬಂದರಂತೆ. ಗಂಡ ಮರುದಿನ ಬೋಟಿನಿಂದ ಇಳಿದ. ಅವನೂ ನೋಡಲಿಲ್ಲ.

ನನ್ನ ತಪ್ಪು ಅಲ್ಲಿಗೆ ಮುಗಿದಿದ್ದರೆ ಒಂದು ಮಾತು. ಮುಗಿಯಲಿಲ್ಲ.

ಹೊಟ್ಟೆ ಕೊಯ್ಸಿಕೊಂಡವರು ಆಸ್ಪತ್ರೆಯಲ್ಲಿ ಏಳು ದಿನ ಇರಬೇಕು. ಹುಡುಗಿಯನ್ನು ಬಾಣಂತಿಯರ ವಾರ್ಡಿಗೆ ಹಾಕಿದ್ದರು. ಅತ್ತಿತ್ತ ಎಲ್ಲ ಮಂಚದಲ್ಲೂ ಮಕ್ಕಳು ಅಳುತ್ತಿದ್ದವು. ಇವಳಿಗೆ ಹಾಲು ಬಂದು ಎದೆ ಕಲ್ಲಾಗಿತ್ತು. ನೋಡಲು ಬಂದ ನೆಂಟರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು, ಬೇರೆ ಬೇರೆ ದನಿಯಲ್ಲಿ.

"ಒಂದು ಕೂಗು ಹಾಕೂಕೆ ಎಂತ ಆಗಿತ್ತು ನಿಂಗೆ?"

"ಬಾಯಿ ಇರ್ಲಿಲ್ವನೇ? ಹೊರಗೆ ಅತ್ತೆ ಇದ್ಲಲ್ಲ."

ಗಂಡ ಏನೂ ಕೇಳಲಿಲ್ಲ. ಗೋಡೆಗೆ ಒರಗಿ ನಿಲ್ಲುತ್ತಿದ್ದ, ಹೋಗುತ್ತಿದ್ದ. ಮೂರನೆಯ ದಿನ ನಾನು ನೆಲ ಒರೆಸುವಾಗ ಹುಡುಗಿ ಅತ್ತೆಗೆ, "ನಾನು ಹೇಳಿದೆ ಆಯಿ. ಎರಡು ಸಲ ಹೇಳಿದೆ," ಎಂದಳು. ಅತ್ತೆ, "ಯಾರಿಗೆ ಹೇಳಿದಿ? ಗೋಡೆಗಾ?" ಎಂದಳು. ಹುಡುಗಿ ನನ್ನನ್ನು ನೋಡಿದಳು. ಬೆರಳು ತೋರಿಸಲಿಲ್ಲ. ನಾನು ಬಕೆಟ್ಟು ಎತ್ತಿಕೊಂಡು ಹೊರಗೆ ಬಂದೆ.

ಆ ದಿನವೂ ಹೇಳಲಿಲ್ಲ. ನಾಲ್ಕನೆಯ ದಿನವೂ ಇಲ್ಲ. ಗುತ್ತಿಗೆಯ ಕೆಲಸ, ಬಾಯಿ ಬಿಟ್ಟರೆ ಹೊರಗೆ ಹಾಕುತ್ತಾರೆ ಎಂದು ಒಂದು ಹೆದರಿಕೆ. ಈ ಮುದುಕಿ ಮಾಡಿದ್ದು ಯಾರಿಗೂ ಗೊತ್ತಿಲ್ಲವಲ್ಲ ಎಂದು ಒಂದು ಧೈರ್ಯ. ಎರಡೂ ಇದ್ದವು.

ಐದನೆಯ ದಿನ ಮಧ್ಯಾಹ್ನ ದೊಡ್ಡ ಡಾಕ್ಟರ ಕೋಣೆಯಲ್ಲಿ ಸಭೆ. ಮಗು ಸತ್ತರೆ ಹಾಗೆ ಕೂತು ಯಾಕೆ ಸತ್ತಿತು ಎಂದು ಬರೆಯಬೇಕು, ಮೇಲೆ ಕಳಿಸಬೇಕು. ಡಾಕ್ಟರಮ್ಮ ಇದ್ದರು, ಆ ಸಿಸ್ಟರ್ ಇದ್ದರು. ಅವರ ಬಲಗೈ ಮಣಿಕಟ್ಟಿಗೆ ಪಟ್ಟಿ ಸುತ್ತಿತ್ತು. ನನ್ನನ್ನು ಕೊನೆಗೆ ಕರೆದರು.

"ಆಯಮ್ಮ, ನೀವೂ ಅಲ್ಲಿದ್ರಿ. ಇಲ್ಲೊಂದು ಸಹಿ ಹಾಕಿ," ಎಂದು ದೊಡ್ಡ ಡಾಕ್ಟರು ಕಾಗದ ತಳ್ಳಿದರು.

ಸಹಿ ಬರುತ್ತದೆ ನನಗೆ. ಹದಿನೇಳು ವರ್ಷದಲ್ಲಿ ಕೊಟ್ಟಲ್ಲೆಲ್ಲ ಹಾಕಿದ್ದೇನೆ, ಒಂದನ್ನೂ ಓದಿಲ್ಲ. ಅಂದು ಯಾಕೋ ಕಾಗದವನ್ನು ಹತ್ತಿರ ತಂದುಕೊಂಡೆ.

"ಓದ್ತೆ," ಎಂದೆ.

"ಓದೋಕೆ ಬರುತ್ತಾ?"

"ಎರಡನೇ ಇಯತ್ತೆವರೆಗೆ ಬರ್ತದೆ. ನಿಧಾನ ಆಗ್ತದೆ. ನೀವು ಚಾ ಕುಡೀರಿ."

ಕುಡಿದರು. ನಾನು ಬೆರಳಿಟ್ಟು ಓದಿದೆ. ದೊಡ್ಡ ದೊಡ್ಡ ಶಬ್ದ ಬಿಟ್ಟು ಮುಂದೆ ಹೋದೆ. ಕೆಳಗೆ ಒಂದು ಸಾಲು ಇತ್ತು. ಒತ್ತಕ್ಷರಕ್ಕೆ ನಿಂತು ನಿಂತು ಓದಿದೆ. "ನೀರು ಒಡೆದ ವಿಷಯವನ್ನು ರೋಗಿಯು ಸಿಬ್ಬಂದಿಗೆ ತಿಳಿಸಿರುವುದಿಲ್ಲ."

ಇನ್ನೊಮ್ಮೆ ಓದಿದೆ. ನೆಂಟರು ಬಾಯಲ್ಲಿ ಕೇಳಿದ್ದನ್ನೇ ಇಲ್ಲಿ ಶಾಯಿಯಲ್ಲಿ ಬರೆದಿದ್ದರು. ಬಾಯಿಮಾತು ನಾಲ್ಕು ವರ್ಷಕ್ಕೆ ಸಾಯುತ್ತದೆ. ಇದು ಫೈಲಿನಲ್ಲಿ ಇರುತ್ತದೆ. ಕೆಳಗೆ ನನ್ನ ಸಹಿ ಇರುತ್ತದೆ.

"ಇದು ಸುಳ್ಳು," ಎಂದೆ. "ಅವಳು ಹೇಳಿದ್ಲು."

"ಯಾರಿಗೆ?"

"ನಂಗೆ. ಕೊಂಕಣೀಲಿ ಹೇಳಿದ್ಲು. ನೀರು ಹೋತು, ಹಗ್ಗದಂತದ್ದು ತಾಗ್ತದೆ ಅಂದ್ಲು. ನಂಗೆ ಅರ್ಥ ಆತು. ನಾನು ಸಿಸ್ಟರಿಗೆ ಹೇಳಲಿಲ್ಲ."

ಸಿಸ್ಟರ್ ಎದ್ದು ನಿಂತರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. "ನಾ ಕೇಳಿದ್ನಲ್ಲ ಆಯಮ್ಮ," ಎಂದರು. "ನಿಮ್ಮನ್ನ ಕೇಳಿದ್ನಲ್ಲ."

"ಕೇಳಿದ್ರಿ."

ಅದಕ್ಕಿಂತ ದೊಡ್ಡ ಪೆಟ್ಟು ನನಗೆ ಯಾರೂ ಕೊಟ್ಟಿಲ್ಲ, ಗಂಡನೂ.

ದೊಡ್ಡ ಡಾಕ್ಟರು ಕನ್ನಡಕ ತೆಗೆದಿಟ್ಟರು. "ನೋಡಿ, ಆಗಲೇ ಗೊತ್ತಾಗಿದ್ದರೂ ಅರಿವಳಿಕೆಗೆ ಕಾಯಲೇಬೇಕಿತ್ತು. ಮಗು ಉಳೀತಿತ್ತು ಅಂತ ಖಂಡಿತ ಹೇಳೋಕಾಗಲ್ಲ," ಎಂದರು. ನನಗೆ ಸಮಾಧಾನ ಹೇಳಲು ಆಡಿದ್ದು.

"ಉಳೀತಿತ್ತೋ ಇಲ್ವೋ ನಂಗೆ ಗೊತ್ತಿಲ್ಲ. ಅವಳು ಹೇಳಿದ್ಲು. ಅದು ಗೊತ್ತು. ಹಂಗೇ ಬರೀರಿ. ಆಯಾ ಕೇಳಿಯೂ ಹೇಳಲಿಲ್ಲ ಅಂದೇಳಿ ಬರೀರಿ. ಸಹಿ ಹಾಕ್ತೆ."

ಬರೆದರು. ಆ ಸಾಲು ಹೊಡೆದು ಹಾಕಿ ಪಕ್ಕದಲ್ಲಿ ಬರೆದರು. ಓದಿ ಸಹಿ ಹಾಕಿದೆ. ಆಮೇಲೆ ಏನು ಮಾಡಬೇಕು ಎಂಬ ಮಾತು ಬಂತು. ಬಸುರಿಯ ಜೊತೆ ಅವಳ ಮಾತು ತಿಳಿಯುವ ಒಬ್ಬ ಹೆಂಗಸನ್ನು ಒಳಗೆ ಬಿಡಬೇಕು ಎಂದು ಮೇಲಿನಿಂದ ಕಾಗದ ಬಂದು ಬಹಳ ಕಾಲವಾಗಿತ್ತಂತೆ. ಯಾವ ಫೈಲಿನಲ್ಲಿ ಎಂದು ಗುಮಾಸ್ತರು ಹುಡುಕಿದರು. ಜಾಗವಿಲ್ಲ, ಪಕ್ಕದ ಮಂಚದವರಿಗೆ ಮರೆಯಿಲ್ಲ, ಗಲಾಟೆಯಾದರೆ ಹೊಣೆ ಯಾರದು ಎಂದು ಮಾತು ಎಳೆಯಿತು. ಡಾಕ್ಟರಮ್ಮ, "ಪರದೆ ಒಂದೇ ಮಂಚಕ್ಕೆ ಯಾಕಿದೆ? ನಾಲ್ಕಕ್ಕೂ ಹಾಕಿಸಿ," ಎಂದರು. ಹೊಣೆ ಯಾರದು ಎಂಬಲ್ಲಿ ಮಾತು ನಿಂತಿತು.

"ನಂದು," ಎಂದೆ. "ಇಷ್ಟು ವರ್ಷ ಹೊರಗೆ ಹಾಕಿದ್ದೂ ನಾನೇ ಅಲ್ವ."

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಎಚ್ಚರಿಕೆಯ ಪತ್ರ ಕೊಟ್ಟರು. ಕ್ಷಮಿಸಿದರು ಎಂದು ನಾನು ತಿಳಿದಿಲ್ಲ. ಆ ಕೆಲಸಕ್ಕೆ ಬೇರೆ ಜನ ಸಿಗುತ್ತಿರಲಿಲ್ಲ.

ಅಲ್ಲಿಂದ ನೇರ ಬಾಣಂತಿಯರ ವಾರ್ಡಿಗೆ ಹೋದೆ. ಅತ್ತೆ ಗಂಜಿ ಕುಡಿಸುತ್ತಿದ್ದಳು. ಗಂಡ ಕಿಟಕಿಯ ಹತ್ತಿರ ನಿಂತಿದ್ದ. ಆ ಕಟ್ಟಡದೊಳಗೆ ಹದಿನೇಳು ವರ್ಷದಲ್ಲಿ ಮೊದಲ ಸಲ ಕೊಂಕಣಿ ಆಡಿದೆ. ಎಲ್ಲ ಹೇಳಿದೆ. ನಿಮ್ಮ ಸೊಸೆ ಹೇಳಿದ್ದಳು, ಎರಡು ಸಲ, ಗೋಡೆಗಲ್ಲ, ನನಗೆ, ಎಂದೆ. ಸುತ್ತಲಿನ ಮಂಚದವರೂ ಕೇಳಲಿ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ.

ಗಂಡ ನನ್ನ ಕಡೆ ಎರಡು ಹೆಜ್ಜೆ ಬಂದ. ಹೊಡೆಯಲಿ ಎಂದು ನಿಂತೆ. ಅವನು ನನ್ನನ್ನು ದಾಟಿ ಹೋಗಿ ಹೆಂಡತಿಯ ಕಾಲ ಬಳಿ ಕೂತ. ಮಗು ಹೋದ ಮೇಲೆ ಅವನು ಆ ಮಂಚದಲ್ಲಿ ಕೂತದ್ದು ಅದೇ ಮೊದಲು.

ಅತ್ತೆ ಗಂಜಿಯ ಬಟ್ಟಲು ಕೆಳಗಿಟ್ಟಳು.

"ಭಟ್ಕಳದಲ್ಲಿ ದಿನಾ ನಿನ್ನ ಬುಟ್ಟಿ ಎತ್ತಿ ತಲೆ ಮೇಲೆ ಇಟ್ಟವಳು ಯಾರೇ?" ಎಂದಳು.

ತುಂಬಿದ ಮೀನಿನ ಬುಟ್ಟಿಯನ್ನು ಯಾವ ಹೆಂಗಸೂ ತಾನೊಬ್ಬಳೇ ತಲೆಗೆ ಏರಿಸಲಾರಳು. ಎಷ್ಟೇ ಜಗಳವಿದ್ದರೂ ಪಕ್ಕದವಳು ಒಂದು ಕೈ ಕೊಡಲೇಬೇಕು. ಅದು ಪೇಟೆಯ ನಿಯಮ. ಇಬ್ಬರೂ ಒಂದೇ ಗಿರಾಕಿಗೆ ಬೈದಾಡಿಕೊಂಡ ದಿನವೂ ಅವಳು ನನ್ನ ಬುಟ್ಟಿಗೆ ಕೈ ಕೊಟ್ಟಿದ್ದಳು.

"ನೀನು," ಎಂದೆ.

"ಹೋಗು," ಎಂದಳು.

ತಿರುಗಿದೆ. ಹಿಂದಿನಿಂದ ಹುಡುಗಿ ಕರೆದಳು. "ಮಾವ್ಶಿ." ನಿಂತೆ.

"ಕೂದಲಿತ್ತಾ?"

ಮಗುವನ್ನು ಒರೆಸಿ ಸುತ್ತಿದವಳು ನಾನೇ. ನನಗೊಬ್ಬಳಿಗೇ ಗೊತ್ತಿತ್ತು.

"ಇತ್ತು. ದಟ್ಟ ಇತ್ತು. ಕುತ್ತಿಗೆವರೆಗೆ. ಗಲ್ಲದಲ್ಲಿ ನಿನ್ನ ಹಾಗೇ ಗುಳಿ ಇತ್ತು."

ಅವಳು ತಲೆ ಆಡಿಸಿದಳು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ಸತ್ತ ಮಗುವನ್ನು ತೋರಿಸಿದರೆ ತಾಯಿ ಮರೆಯುವುದಿಲ್ಲ ಎಂದು ಎಷ್ಟು ಹೆಂಗಸರಿಗೆ ಹೇಳಿದ್ದೇನೋ. ಮರೆಯಬೇಕೆಂದು ಅವರಲ್ಲಿ ಯಾರೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಏಳಕ್ಕೆ ಕೆಲಸಕ್ಕೆ ಹೋದೆ. ರಬ್ಬರ್ ಶೀಟು ಹಾಸಿದೆ, ಬಕೆಟ್ಟು ತುಂಬಿಸಿದೆ, ಯಂತ್ರ ಹಚ್ಚಿದೆ. ಎಂಟಕ್ಕೆ ಹಳದೀಪುರದಿಂದ ಒಬ್ಬಳು ಬಂದಳು, ತೆಂಗಿನ ತೋಟದ ಕೂಲಿಯವಳು. ಜೊತೆಯಲ್ಲಿ ಅಕ್ಕ. ಒಂದನೆಯ ಮಂಚ ಖಾಲಿ ಇತ್ತು, ಅದಕ್ಕೇ ಹಾಕಿದೆ. ಅಕ್ಕ ರೂಢಿಯಂತೆ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದಳು. ಬಾಗಿಲ ಹಿಂದಿನ ನನ್ನ ಸ್ಟೂಲು ಎತ್ತಿ ತಂದು ಮಂಚದ ತಲೆಯ ಬಳಿ ಇಟ್ಟೆ.

"ಒಳಗೆ ಬಾ ತಂಗಿ. ಇಲ್ಲಿ ಕೂತ್ಕ. ಅವಳು ಎಂತ ಹೇಳಿದ್ರೂ ನಂಗೆ ಹೇಳು."

ಅವಳು ಕೂತಳು. ಬಾಗಿಲು ಪೂರಾ ತೆರೆದಿತ್ತು. ನಾನು ಅದರ ಪಕ್ಕ ನಿಂತೆ.